ಹಿಂದಿನ ಬ್ರೇಕಿನ ಎರಡು ಗುರುತು

ಬೈಲಹೊಂಗಲ
ರವಿವಾರ, ೨೪ ನವೆಂಬರ್ ೨೦೨೪

ವರ್ಗವಾಗಿ ಹೋಗಿ ಸದ್ಯ ರಾಮದುರ್ಗದಲ್ಲಿ ಬಿಡಾರ ಹೂಡಿರುವ ಶ್ರೀ ಪಾಂಡುರಂಗರಾಯರಿಗೆ,

ಧರ್ಮಪತ್ನಿ ರಾಜೇಶ್ವರಿಯ ನಮಸ್ಕಾರಗಳು. ಇಲ್ಲಿ ನಾನೂ ಅತ್ತೆಯವರೂ ಕ್ಷೇಮ. ಮಾವನವರು ಬಿಟ್ಟುಹೋದ ಬಜಾಜ್ ಸ್ಕೂಟರಂತೂ ನಮ್ಮಿಬ್ಬರಿಗಿಂತ ಒಂದು ಕೈ ಹೆಚ್ಚೇ ಕ್ಷೇಮ. ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಕೇಳುವುದು ಪದ್ಧತಿ. ಈ ಪತ್ರ ಓದಿ ಮುಗಿದ ಮೇಲೆ ಬರೆಯಿರಿ, ಆಗ ಸರಿಯಾದ ಸಮಾಚಾರ ಸಿಗುತ್ತದೆ.

ಮಂಗಳವಾರ ಫೋನಿನಲ್ಲಿ ಮಾತಾಡಿದವಳಿಗೆ ರವಿವಾರ ಅಂಚೆ ಲಕೋಟೆ ಯಾಕೆ ನೆನಪಾಯಿತು ಎಂದು ಹುಬ್ಬು ಏರಿಸುತ್ತೀರಿ, ನನಗೆ ಗೊತ್ತು. ಫೋನಿನಲ್ಲಿ ನೀವು ನಡುವೆ ಬಾಯಿ ಹಾಕುತ್ತೀರಿ. ಪತ್ರದಲ್ಲಿ ಆ ಸೌಕರ್ಯವಿಲ್ಲ. ಕುರ್ಚಿ ಎಳೆದುಕೊಂಡು ಕೂತು ಓದಿ. ಕನ್ನಡಕ ಮೇಜಿನ ಮೇಲಿರುತ್ತದೆ, ಪೇಪರಿನ ಕೆಳಗೆ ನೋಡಿ.

ಮಂಗಳವಾರದ ನಿಮ್ಮ ಅಪ್ಪಣೆ ಹೀಗಿತ್ತು. ಈ ಮನೆಗೆ ಬೀಗ ಹಾಕಿ, ಅತ್ತೆಯವರನ್ನು ಕರೆದುಕೊಂಡು ನಾನು ನೀವು ಹಿಡಿದ ಬಾಡಿಗೆ ಮನೆಗೆ ಬರಬೇಕು. ಕಿತ್ತೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ ಜಾಗ ಖಾಲಿಯಾಗಿ, ಹೆಡ್‌ಮಿಸ್ ನನ್ನನ್ನು ನೆನಪಿಟ್ಟು ಮತ್ತೆ ಕರೆದಿದ್ದಾರಲ್ಲ, ಸೋಮವಾರ ಬಂದು ಹಾಜರಾಗು ಎಂದಿದ್ದಾರಲ್ಲ, ಅವರಿಗೆ ಬರುವುದಿಲ್ಲ ಎಂದು ಹೇಳಿಬಿಡಬೇಕು. ನಾನು ಸ್ವಲ್ಪ ಗೊಣಗುಟ್ಟಿದಾಗ ನೀವು ಬಹಳ ಮೃದುವಾಗಿ ಹೇಳಿದಿರಿ: "ಬಸ್ಸಿನ ಟೈಮ್ ಸಾಲಿಗೆ ಕೂಡೂದಿಲ್ಲ. ಗಾಡಿ ಹೊಡೀಲಿಕ್ಕೆ ನಿನಗ ಬರೂದಿಲ್ಲ. ಒಮ್ಮೆ ಕೈ ಮುರಕೊಂಡದ್ದು ಸಾಕಾಗಿಲ್ಲೇನ? ಸುಮ್ಮ ಯಾಕ ಆಸೆ ಇಟಗೋತಿ?"

ನಾನು ಹೂಂ ಅಂದೆ. ಅಂದದ್ದಷ್ಟೇ ಅಲ್ಲ, ಫೋನಿಟ್ಟ ಮೇಲೆ ಅಟ್ಟದಿಂದ ಟ್ರಂಕು ಇಳಿಸಿ ಅರ್ಧ ಸೀರೆಗಳನ್ನು ತುಂಬಿಯೂ ಬಿಟ್ಟೆ.

ಫೋನಿನಲ್ಲಿ ನೀವು ಅಷ್ಟಕ್ಕೇ ನಿಲ್ಲಿಸಿದ್ದರೆ ಇವತ್ತು ನಾನು ರಾಮದುರ್ಗದ ನಿಮ್ಮ ಬಾಡಿಗೆ ಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದೆ. ನೀವು ನಿಲ್ಲಿಸಲಿಲ್ಲ. ಸ್ಕೂಟರಿಗೆ ಗಿರಾಕಿ ಸಿಕ್ಕ ಉತ್ಸಾಹದಲ್ಲಿ ಇನ್ನೊಂದು ಮಾತು ಸೇರಿಸಿದಿರಿ. ಹಳೆಯ ಗಾಡಿಗಳ ಶೋಕಿಯ ಕೊಲ್ಹಾಪುರದ ಸಾಹೇಬರು ರವಿವಾರ ನೋಡಲು ಬರುತ್ತಾರೆ. ಗಾಡಿ ಮಳೆಗಾಲವಿಡೀ ನಿಂತು ಹಿಂದಿನ ಗಾಲಿ ಹಿಡಿದುಕೊಂಡಿದೆ. ಹೊಸ ಬ್ರೇಕ್ ಶೂ ಹಾಕಿಸಿ ಇಡು. ಎಲ್ಲಿಂದ ತರಲಿ ಎಂದು ಕೇಳಿದ್ದಕ್ಕೆ ಥಟ್ಟನೆ ಹೇಳಿದಿರಿ: "ಬುರಾನಸಾಬನ ಕಡೆ ಅವ."

ಬುರಾನಸಾಬನ ಕಡೆ ಅವ!

ರಾಯರೇ, ಸುಳ್ಳು ಹೇಳುವವರು ತಮ್ಮ ಹಳೆಯ ಸುಳ್ಳುಗಳನ್ನೂ ವರ್ಷಕ್ಕೊಮ್ಮೆ ಸರ್ವಿಸಿಂಗಿಗೆ ಬಿಡಬೇಕು. ಇಲ್ಲದಿದ್ದರೆ ಹೀಗೆ ದಾರಿಯಲ್ಲಿ ಕೈಕೊಡುತ್ತವೆ. ನಾನು ಕಿತ್ತೂರಿಗೆ ಸ್ಕೂಟರ್ ಹೊಡೆದುಕೊಂಡು ಹೋಗುತ್ತಿದ್ದ ವರ್ಷಗಳಲ್ಲಿ ಹಿಂದಿನ ಬ್ರೇಕ್ ಹಿಡಿಯುವುದಿಲ್ಲ ಎಂದು ಎಷ್ಟು ಸಲ ಹೇಳಿದ್ದೆ? ಶೂ, ಅಂದರೆ ಗ್ಯಾರೇಜಿನವರ ಬಾಯಲ್ಲಿ ಲೈನರ್, ಪೂರ್ತಿ ಸವೆದಿದೆ ಎಂದಿರಿ. ಹೊಸದು ಹಾಕಿಸಿ ಎಂದರೆ ಬೆಳಗಾವಿಯಲ್ಲಿಲ್ಲ, ಹುಬ್ಬಳ್ಳಿಯಲ್ಲಿಲ್ಲ, ಈ ಮಾಡೆಲ್ಲಿನ ಲೈನರ್ ಭೂಮಂಡಲದ ಮೇಲೇ ಮುಗಿದುಹೋಗಿವೆ ಎಂದಿರಿ. ಬುರಾನಸಾಬರೂ ತಮ್ಮ ಗ್ಯಾರೇಜಿನ ಬಾಗಿಲಲ್ಲಿ ನಿಂತು "ಸಿಗೂದಿಲ್ರೀ ಟೀಚರ, ಡೈನೋಸಾರ ಹೋದಂಗ ಹೋಗ್ಯಾವ" ಎಂದು ಸಾಕ್ಷಿ ನುಡಿದಿದ್ದರು. ಹೆಂಡತಿಯ ಜೀವಕ್ಕೆ ಸಿಗದ ಲೈನರ್ ಕೊಲ್ಹಾಪುರದ ಗಿರಾಕಿ ಹೆಸರು ಎತ್ತಿದ ಕೂಡಲೇ ಸಿಕ್ಕಿತು.

ಆದರೂ ನಾನು ಕೆಟ್ಟದ್ದು ಯೋಚಿಸಲಿಲ್ಲ. ಇತ್ತೀಚೆಗೆ ಬಂದಿರಬೇಕು ಅಂದುಕೊಂಡೆ. ನನ್ನ ಬುದ್ಧಿ ನಿಮಗೆ ಗೊತ್ತಲ್ಲ, ಅದರ ಮೇಲೆಯೇ ಅಲ್ಲವೇ ನಿಮ್ಮ ಸಂಸಾರ ಇಷ್ಟು ದಿನ ಓಡಿದ್ದು.

ಮುಂದಿನದನ್ನು ಹೇಳುವ ಮೊದಲು ಒಂದು ಬೆಳಗಿನ ಚಿತ್ರ ನೆನಪು ಮಾಡಿಕೊಡುತ್ತೇನೆ. ಆಗಿನ ದಿನಗಳಲ್ಲಿ ನಾನು ಊಟದ ಡಬ್ಬಿ ಕಟ್ಟಿಕೊಳ್ಳುವ ಹೊತ್ತಿಗೆ ನೀವು ಅಂಗಳದಲ್ಲಿ ಸ್ಕೂಟರಿನ ಹಿಂದೆ ಕುಕ್ಕರುಗಾಲಿನಲ್ಲಿ ಕೂತಿರುತ್ತಿದ್ದಿರಿ. ಕೈಯಲ್ಲಿ ನಟ್ಟು ತಿರುವುವ ಪಾನಾ, ಹೆಗಲ ಮೇಲೆ ಟಾವೆಲ್ಲು, ಮುಖದಲ್ಲಿ ಸಂಧ್ಯಾವಂದನೆಗೂ ಇರದಿದ್ದ ಏಕಾಗ್ರತೆ. ಹಿಂದಿನ ಗಾಲಿಯ ಬದಿಗೆ ಬ್ರೇಕಿನ ವಾಯರನ್ನು ಕಚ್ಚಿ ಹಿಡಿಯುವ ಒಂದು ಪುಟ್ಟ ನಟ್ಟು ಇದೆ. ಅದನ್ನು ತಿರುವಿ, ವಾಯರ್ ಹಿಡಿದು, ಮತ್ತೆ ತಿರುವಿ ಎದ್ದು ನಿಂತು ಹೇಳುತ್ತಿದ್ದಿರಿ: "ಎಷ್ಟ್ ಆಗ್ತದ ಅಷ್ಟ್ ಬಿಗಿ ಮಾಡೀನಿ. ಹುಷಾರ ಹೋಗು."

ಎದುರು ಮನೆಯ ಸತ್ಯವ್ವ ಬಾಗಿಲಿಗೆ ನೀರು ಹಾಕುತ್ತ ಇದನ್ನು ದಿನಾ ನೋಡುವವಳು. "ಬಂಗಾರದಂಥಾ ಗಂಡ್ರೀ ಅಕ್ಕಾರ ನಿಮಗ. ನಮ್ಮಂವಗ ನನ್ನ ಚಪ್ಪಲಿ ಹರದೈತಿ ಅಂದ್ರ, ಬರಿಗಾಲೀಲೆ ನಡದ್ರ ಆರೋಗ್ಯಕ್ಕ ಛಲೋ ಅಂತಾನ" ಎನ್ನುತ್ತಿದ್ದಳು. ನಾನು ಇದನ್ನು ಶಾಲೆಯ ಸ್ಟಾಫ್ ರೂಮಿನಲ್ಲಿ ಹೇಳಿ ನಕ್ಕಿದ್ದೇನೆ, ನಗುವಿನ ನೆಪದಲ್ಲಿ ಜಂಬ ಪಟ್ಟಿದ್ದೇನೆ. ಉಳಿದವರ ಗಂಡಂದಿರು ಮಲ್ಲಿಗೆ ತರುತ್ತಿದ್ದರು. ನನ್ನ ಗಂಡ ನಟ್ಟು ತಿರುವುತ್ತಿದ್ದರು. ನನಗೆ ನಟ್ಟೇ ದೊಡ್ಡದು ಅನ್ನಿಸುತ್ತಿತ್ತು.

ಅಷ್ಟು ಬಿಗಿ ಮಾಡಿದ ಮೇಲೂ ನಾನು ಒತ್ತಿದರೆ ಪೆಡಲ್ ನೆಲ ಮುಟ್ಟಿ ಸುಮ್ಮನೆ ನನ್ನ ಮುಖ ನೋಡುತ್ತಿತ್ತು. ಮುಂದಿನ ಕೈಬ್ರೇಕನ್ನೇ ನಂಬಿ, ಎಮ್ಮೆ ಕಂಡರೆ ಫರ್ಲಾಂಗಿನ ಆಚೆಯಿಂದಲೇ ಎಕ್ಸಲರೇಟರ್ ಬಿಡುತ್ತ ಹೋಗುತ್ತಿದ್ದೆ. ರವಿವಾರ ನಿಮ್ಮ ಹಿಂದೆ ಕೂತು ಸವದತ್ತಿ ಗುಡ್ಡಕ್ಕೆ ಹೋದಾಗ ಅದೇ ಸ್ಕೂಟರ್, ಅಂಥ ಇಳಿಜಾರಿನಲ್ಲೂ, ನೀವು ಹೇಳಿದ ಕಲ್ಲಿನ ಹತ್ತಿರ ಹೇಳಿದ ಹಾಗೆ ನಿಲ್ಲುತ್ತಿತ್ತು. ಹಿಂದೆ ಕೂತವಳಿಗೆ ಪೆಡಲ್ ಎಷ್ಟು ಇಳಿಯಿತು ಎಂದು ಹೇಗೆ ಗೊತ್ತಾಗಬೇಕು? ಕೇಳಿದರೆ, "ಅದು ಕಾಲಿನ ಅಂದಾಜದ ಮ್ಯಾಲ ಅದ, ಹೇಳಿಕೊಡಲಿಕ್ಕೆ ಬರೂದಿಲ್ಲ" ಎಂದಿರಿ. ಎಂಟನೆಯ ಇಯತ್ತೆಗೆ ಘರ್ಷಣೆಯ ಪಾಠ ಮಾಡುತ್ತಿದ್ದವಳು ನಾನು. ಘರ್ಷಣೆ ಕೂಡ ಗಂಡಸಿನ ಕಾಲು ಯಾವುದು ಹೆಂಗಸಿನ ಕಾಲು ಯಾವುದು ಎಂದು ನೋಡಿ ಕೆಲಸ ಮಾಡುತ್ತದೆ ಎಂಬ ನಿಮ್ಮ ಸಿದ್ಧಾಂತವನ್ನು ತಲೆಬಾಗಿ ಒಪ್ಪಿಕೊಂಡೆ.

ಆಮೇಲೆ ಆ ದಿನ ಬಂತು. ಕಿತ್ತೂರಿನ ಈಚೆಯ ಇಳಿಜಾರಿನಲ್ಲಿ ನನ್ನ ಮುಂದಿದ್ದ ಕಬ್ಬಿನ ಟ್ರ್ಯಾಕ್ಟರ್ ಒಮ್ಮೆಲೇ ನಿಂತಿತು. ಪೆಡಲ್ ಒತ್ತಿದೆ, ನೆಲ ಮುಟ್ಟಿತು. ಗಾಬರಿಯಲ್ಲಿ ಕೈಬ್ರೇಕ್ ಜಗ್ಗಿದೆ, ಕಡಿ ಕಲ್ಲಿನ ಮೇಲೆ ಮುಂದಿನ ಗಾಲಿ ಜಾರಿತು. ಎಡಗೈ ಮಣಿಕಟ್ಟು ಮುರಿಯಿತು. ಊರ ಜನ ನನ್ನನ್ನು ದವಾಖಾನೆಗೂ ಸ್ಕೂಟರನ್ನು ಟೆಂಪೋದಲ್ಲಿ ಹಾಕಿ ನಮ್ಮ ಮನೆಗೂ ಮುಟ್ಟಿಸಿದರು. ನೀವು ದವಾಖಾನೆಗೆ ಬರುವ ಹೊತ್ತಿಗೆ ಪ್ಲಾಸ್ಟರ್ ಹಾಕಿ ಮುಗಿದಿತ್ತು. ಆಫೀಸಿನಲ್ಲಿ ಬಿಡಲು ತಡ ಮಾಡಿದರು ಎಂದಿರಿ. ನನ್ನ ಬಲಗೈ ಹಿಡಿದುಕೊಂಡು ಕಣ್ಣೀರು ಹಾಕಿದಿರಿ. ನಿಮ್ಮ ಕೈಯಿಂದ ಸಾಬೂನಿನ ಘಮ ಬರುತ್ತಿತ್ತು. ಇಂಥ ಹೊತ್ತಿನಲ್ಲೂ ಎಷ್ಟು ಶುಚಿಯಾಗಿ ಬಂದಿದ್ದಾರೆ ಎಂದು, ಆ ನೋವಿನಲ್ಲೂ ನಾನು ಮೆಚ್ಚಿದ್ದು ನೆನಪಿದೆ. ಕೊನೆಗೆ ನಾನೇ ನಿಮ್ಮನ್ನು ಸಮಾಧಾನ ಮಾಡಿದೆ.

ಮರುದಿನ ನಮ್ಮ ಅಂಗಳದಲ್ಲಿ ಪಂಚಾಯಿತಿ ಸೇರಿತು. ಬುರಾನಸಾಬರು ಬಂದರು, ಓಣಿಯವರು ಬಂದರು, ಒಬ್ಬೊಬ್ಬರಾಗಿ ಪ್ರಸಾದ ತೆಗೆದುಕೊಳ್ಳುವವರಂತೆ ಬಂದು ಪೆಡಲ್ ಒತ್ತಿದರು. ಬ್ರೇಕ್ ಬಂಡೆಯ ಹಾಗೆ ಹಿಡಿಯಿತು. "ಬ್ರೇಕ್ ಛಲೋ ಐತ್ರೀ ಸಾಹೇಬ್ರ. ಟೀಚರ ಕಾಲ ತಪ್ಪಿರಬೇಕು" ಎಂದು ತೀರ್ಪಾಯಿತು. ನೀವು ನನ್ನ ಕಡೆ ನೋಡಿ, "ಬಿಡ್ರಿ, ಆಕೀನ್ನ ಏನೂ ಅನಬ್ಯಾಡ್ರಿ" ಎಂದು ದೊಡ್ಡ ಮನಸ್ಸು ಮಾಡಿದಿರಿ.

ಮೂಳೆ ಕೂಡಿತು. ನನ್ನ ಕಾಲಿನ ಮೇಲೆ ನನಗಿದ್ದ ನಂಬಿಕೆ ಮಾತ್ರ ಕೂಡಲಿಲ್ಲ. ಪೆಡಲ್ ನೆಲ ಮುಟ್ಟಿದ್ದು ಖರೆಯೋ, ನನ್ನ ಕಾಲು ಪೆಡಲನ್ನೇ ಮುಟ್ಟಲಿಲ್ಲವೋ ಎಂದು ಎಷ್ಟು ವರ್ಷ ಯೋಚಿಸಿದ್ದೇನೆ! ಕೆಲಸ ಬಿಟ್ಟೆ. ಬಿಡು ಎಂದು ನೀವು ಒಂದು ದಿನವೂ ಅನ್ನಲಿಲ್ಲ, ಅದನ್ನು ಒಪ್ಪಬೇಕು. ರಾಜೀನಾಮೆ ಬರೆಯಲು ಪೆನ್ನು ಮಾತ್ರ ಹುಡುಕಿ ಕೊಟ್ಟಿರಿ.

ಈಗ ಮೊನ್ನೆಯ ಗುರುವಾರಕ್ಕೆ ಬರೋಣ. ಬುರಾನಸಾಬರಿಗೆ ಕಣ್ಣಿನ ಪೊರೆ ತೆಗೆದು ಹಸಿರು ಪಟ್ಟಿ ಕಟ್ಟಿದ್ದಾರೆ, ಇದು ನಿಮಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ನೀವೇ ರಜೆ ಹಾಕಿ ಬರುತ್ತಿದ್ದಿರಿ. ಅವರ ಬದಲು ಅವರ ಸೊಸೆ ಫಿರದೋಸ್ ಪಾನಾಗಳ ಚೀಲ ಹೆಗಲಿಗೆ ಹಾಕಿಕೊಂಡು ಬಂದಳು. ಕಿತ್ತೂರಿನಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು. ಪ್ರಶ್ನೆ ಕೇಳಿದರೆ ಎಲ್ಲರಿಗಿಂತ ಮೊದಲು ಕೈ ಎತ್ತುವುದು, ಎತ್ತಿದ ಮೇಲೆ ಉತ್ತರ ಯೋಚಿಸುವುದು, ಹಾಗಿತ್ತು ಅವಳ ಪದ್ಧತಿ. ಈಗ ಗ್ಯಾರೇಜಿನ ಸಾಮಾನು, ಗಿರಾಕಿ, ಮಾವ, ಎಲ್ಲವನ್ನೂ ಅವಳೇ ಸಂಭಾಳಿಸುತ್ತಾಳೆ.

ಬಂದವಳೇ ತುಕ್ಕು ಹಿಡಿದ ಡಬ್ಬಿ ತೆಗೆದು ಕಟ್ಟೆಯ ಮೇಲಿಟ್ಟಳು. "ಅಕ್ಕೋರ, ನಿಮಗ ಲೈನರ್ ಒಂದ್ ಜೋಡಿ ಬೇಕೋ, ಡಜನ್ ಬೇಕೋ? ನಾ ಮದುವಿ ಆಗಿ ಬರೂಕಿಂತ ಮದ್ಲಿಂದ ಬಿದ್ದಾವ್ರಿ ಇವು. ಜೇಡಾ ಒಳಗ ಸಂಸಾರ ಹೂಡಿತ್ತು, ಎಬ್ಬಿಸಿ ಬಂದೇನಿ."

ನನಗೆ ಅಲ್ಲಿ ಮೊದಲ ಸಲ ಎದೆಯಲ್ಲಿ ಏನೋ ಕಚ್ಚಿ ಹಿಡಿಯಿತು. ಹಿಂದಿನ ಬ್ರೇಕೇ ಇರಬೇಕು.

ದಸರೆಯ ಖಂಡೆ ಪೂಜೆಯಲ್ಲಿ ಹಾಕಿದ ಚೆಂಡುಹೂವಿನ ಮಾಲೆ ಹ್ಯಾಂಡಲ್ಲಿನಲ್ಲೇ ಒಣಗಿ ನೇತಾಡುತ್ತಿತ್ತು, ಅದನ್ನು ತೆಗೆದು ಕೆಲಸ ಶುರು ಮಾಡಿದೆವು. ಗಾಡಿಯ ಕೆಳಗೆ ಇಟ್ಟಿಗೆ ಕೊಟ್ಟು ಗಾಲಿ ಬಿಚ್ಚಿದೆವು. ಒಳಗಿನ ದೊಡ್ಡ ನಟ್ಟು ನಮ್ಮಿಬ್ಬರ ತೂಕ ಪಾನಾದ ಮೇಲೆ ಬಿದ್ದ ಮೇಲೆ ಅಳುತ್ತ ಬಿಟ್ಟಿತು. ಅದರ ಹಿಂದಿನ ಡ್ರಮ್ ಮಾತ್ರ ತುಕ್ಕಿಗೆ ಅಂಟಿಕೊಂಡು ಜಪ್ಪಯ್ಯ ಅನ್ನಲಿಲ್ಲ. ಅತ್ತೆಯವರು ಕಟ್ಟೆಯ ಮೇಲೆ ಹೂಬತ್ತಿ ಹೊಸೆಯುತ್ತ ಕೂತಿದ್ದರು. ಮಾವನವರ ಸ್ಕೂಟರಿಗೆ ಅವರು ಮರ್ಯಾದೆ ಬಿಟ್ಟು ಮಾತಾಡಿದ್ದನ್ನು ನೀವು ಕೇಳಿದ್ದೀರಾ? "ಹಗೂರ ಬಡೀರೇ! ವಯಸ್ಸಾಗ್ಯದ ಅವರಿಗೆ" ಎನ್ನುತ್ತ, ಬಟ್ಟೆ ಬಡಿಯುವ ಕಟ್ಟಿಗೆ ತಾವೇ ತಂದುಕೊಟ್ಟರು. ನಾಲ್ಕು ಏಟು ಬಿದ್ದ ಮೇಲೆ ಡ್ರಮ್ ನರಳಿ ಹೊರಬಂತು. ಒಳಗಿಂದ ಕರಿಯ ಹುಡಿ ಹಾರಿ ಮೂವರ ಮೂಗಿಗೂ ವಿಭೂತಿಯಂತೆ ಬಡಿಯಿತು.

ಒಳಗೆ ಅರ್ಧಚಂದ್ರದ ಹಾಗೆ ಎದುರು ಬದುರು ಕೂತ ಎರಡು ಶೂಗಳು, ಅವನ್ನು ಬಿಗಿದು ಹಿಡಿದ ಸ್ಪ್ರಿಂಗು. ಅದನ್ನು ಎಳೆದು ಬಿಡಿಸುವಾಗ ನನ್ನ ಎಡ ಮಣಿಕಟ್ಟು ಕೈ ಎತ್ತಿಬಿಟ್ಟಿತು. ಫಿರದೋಸ್ ಬಿಡಿಸಿದಳು. ಹಳೆಯ ಶೂವನ್ನೂ ಹೊಸದನ್ನೂ ಪಕ್ಕ ಪಕ್ಕ ಹಿಡಿದು, ಬಿಸಿಲಿಗೆ ತಿರುಗಿಸಿ, ಕಣ್ಣು ಕಿರಿದು ಮಾಡಿ ನೋಡಿದಳು.

"ಅಕ್ಕೋರ, ಇವು ಎಲ್ಲಿ ಸವದಾವ್ರಿ? ಮ್ಯಾಲ ತುಕ್ಕು ಕುಂತೈತಿ ಅಷ್ಟ. ಇನ್ನೂ ನಮ್ಮ ಮಕ್ಕಳ ಕಾಲಕ್ಕೂ ಬರತಾವ."

ಪೂರ್ತಿ ಸವೆದ ಲೈನರ್, ಭೂಮಂಡಲದ ಮೇಲೆ ಮುಗಿದುಹೋದ ಲೈನರ್, ದಪ್ಪಕ್ಕೆ ನನ್ನ ಮುಂದೆ ಕೂತು ನಗುತ್ತಿತ್ತು.

ಆದರೂ ಕೆಲಸ ನಡುವೆ ಬಿಡಬಾರದಲ್ಲ. ಡ್ರಮ್ಮಿನ ಒಳಮೈಯನ್ನು ಉಸುಕಿನ ಕಾಗದದಿಂದ ತಿಕ್ಕಿ ತುಕ್ಕು ತೆಗೆದೆವು. ಹೊಸ ಶೂ ಕೂರಿಸಿ ಸ್ಪ್ರಿಂಗು ಸಿಕ್ಕಿಸಿದೆವು. ಡ್ರಮ್ಮು, ನಟ್ಟು, ಗಾಲಿ ಎಲ್ಲ ಸ್ವಸ್ಥಾನಕ್ಕೆ ಹೋದವು. ಉಳಿದದ್ದು ವಾಯರ್ ಬ್ರೇಕಿಗೆ ಕಚ್ಚಿಸುವುದು. ಅಂದರೆ ನಿಮ್ಮ ಪ್ರಸಿದ್ಧ ನಟ್ಟು. ಅದರ ಮೂಲೆಗಳೆಲ್ಲ ತಿರುವಿ ತಿರುವಿ ಸವೆದು ಗುಂಡಗಾಗಿದ್ದವು. ಲೈನರ್ ಸವೆದಿರಲಿಲ್ಲ, ನಟ್ಟು ಸವೆದಿತ್ತು.

ಫಿರದೋಸ್ ವಾಯರಿನ ತುದಿ ಹಿಡಿದು ಹತ್ತಿರ ತಂದಳು. "ಇದೇನ್ರಿ ಎರಡ ಕಡೆ ಕಚ್ಚಿದ ಗುರುತು?"

ನೋಡಿದೆ. ನಟ್ಟು ಕಚ್ಚಿ ಕಚ್ಚಿ ವಾಯರ್ ಚಪ್ಪಟೆಯಾದ ಜಾಗ ಎರಡಿದ್ದವು. ಒಂದು ತುದಿಯ ಹತ್ತಿರ, ಇನ್ನೊಂದು ಅದಕ್ಕಿಂತ ಎರಡು ಬೆರಳು ಮೇಲೆ. ಅವಳು ಮೇಲಿನ ಗುರುತಿಗೆ ಕಚ್ಚಿಸಿ ನನಗೆ ಪೆಡಲ್ ಒತ್ತಲು ಹೇಳಿದಳು. ಅರ್ಧ ಇಳಿಯುವುದರೊಳಗೆ ಗಾಲಿ ಗಕ್ಕನೆ ನಿಂತಿತು. ಆಮೇಲೆ ಸಡಿಲಿಸಿ ತುದಿಯ ಗುರುತಿಗೆ ಕಚ್ಚಿಸಿದಳು. ಒತ್ತಿದೆ. ಪೆಡಲ್ ಸೀದಾ ಇಳಿದು ನೆಲ ಮುಟ್ಟಿತು. ಗಾಲಿ ತನ್ನ ಪಾಡಿಗೆ ತಾನು ತಿರುಗುತ್ತಲೇ ಇತ್ತು.

ರಾಯರೇ, ನನ್ನ ಬುದ್ಧಿಗೆ ತಿಳಿಯುವ ಮೊದಲೇ ನನ್ನ ಕಾಲಿಗೆ ತಿಳಿಯಿತು. ಆ ಪೆಡಲ್ಲಿನ ಇಳಿಯುವಿಕೆ, ಕೊನೆಯಲ್ಲಿ ತಗಡು ಮುಟ್ಟುವ ಆ ಟಕ್ ಎನ್ನುವ ಶಬ್ದ, ವರ್ಷಗಟ್ಟಲೆ ನನ್ನದೇ ಆಗಿದ್ದದ್ದು. ನನ್ನ ಕಾಲು ತಪ್ಪಿರಲಿಲ್ಲ.

ನಾನು ಬಗ್ಗಿ ಆ ಎರಡು ಗುರುತನ್ನೇ ಮತ್ತೆ ಮತ್ತೆ ನೋಡಿದೆ. ಅತ್ತೆಯವರು ಬತ್ತಿ ಹೊಸೆಯುವುದನ್ನು ನಿಲ್ಲಿಸದೇ ಹೇಳಿದರು: "ಅದರಾಗ ಏನದ ಅಷ್ಟು ನೋಡೂದು? ತುದೀದು ನಿಂದು, ಮ್ಯಾಲಿಂದು ಪಾಂಡೂಂದು. ದಿನಾ ಮುಂಜಾನೆ ನಿನಗ ಸಡಲ ಮಾಡತಿದ್ದ, ಸಂಜೀಗೆ ತನಗ ಬಿಗಿ ಮಾಡಕೋತಿದ್ದ."

ಫಿರದೋಸ್ ಕೇಳಿದಳು, "ಅಜ್ಜೀ, ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿಲ್ಲದ ಏನು? ಕಟ್ಟೀ ಮ್ಯಾಲ ಕೂತಾಕಿಗೆ ಎಲ್ಲಾ ಕಾಣಸ್ತದ. ಹೆಣ್ಣಮಕ್ಕಳ ಕಾಲು ನಾಜೂಕು ಇರತಾವ, ಗಟ್ಟಿ ಒತ್ತಲಿಕ್ಕೆ ತ್ರಾಸು ಆಗಬಾರದು ಅಂತ ಹಗೂರ ಮಾಡಿಕೊಡತಾನ ಅಂದಕೊಂಡಿದ್ದೆ. ಅವರಪ್ಪನೂ ನನ್ನ ಹೊಲಿಗಿ ಮಷೀನಿನ ಪೆಡಲ್ ಹಂಗೇ ಸಡಲ ಮಾಡಿ ಕೊಡತಿದ್ರು. ಯಾಕ, ಏನಾತು?"

ಏನಾಯಿತು ಎಂದು ಫಿರದೋಸ್ ವಿವರಿಸಿದಳು. ನಾನು ಎಂಟನೆಯ ಇಯತ್ತೆಯಲ್ಲಿ ಕಲಿಸಿದ ಪಾಠವನ್ನು ನನ್ನ ಅಂಗಳದಲ್ಲಿ ನನ್ನ ಅತ್ತೆಗೆ ಒಪ್ಪಿಸಿದಳು: ಶೂ ಹೋಗಿ ಡ್ರಮ್ಮಿಗೆ ಒತ್ತಿದರೆ ಘರ್ಷಣೆ, ಒತ್ತದಿದ್ದರೆ ಏನೂ ಇಲ್ಲ. ವಾಯರ್ ಸಡಿಲಿದ್ದರೆ ಒತ್ತುವುದಿಲ್ಲ. ಅತ್ತೆಯವರ ಕೈಯಲ್ಲಿದ್ದ ಬತ್ತಿ ಅಲ್ಲೇ ನಿಂತಿತು. ಆಮೇಲೆ ಎದ್ದು ಒಳಗೆ ಹೋದವರು ಹೊರಗೆ ಬರಲಿಲ್ಲ, ಸಂಜೆಯ ದೀಪವನ್ನೂ ನನಗೇ ಹಚ್ಚಲು ಹೇಳಿದರು.

ಫಿರದೋಸ್ ಅದೇ ಹೆಜ್ಜೆಯಲ್ಲಿ ಹೋಗಿ ಮಾವನನ್ನು ಕೈಹಿಡಿದು ಕರೆತಂದಳು. ಹಸಿರು ಪಟ್ಟಿ ಕಟ್ಟಿಕೊಂಡ ಬುರಾನಸಾಬರು ಒಂಟಿಗಣ್ಣಿನಲ್ಲಿ ನನ್ನನ್ನು ನೋಡಲು ಹೆದರಿ ಸ್ಕೂಟರನ್ನು ನೋಡುತ್ತ ನಿಂತರು. "ಲೈನರ್ ಇಲ್ಲಂತ ಸುಳ್ಳ ಹೇಳಿದ್ದು ಖರೇ ಐತ್ರೀ ಟೀಚರ. ಅಲ್ಲಾ ನೋಡಾಕ ಹತ್ಯಾನ, ಕಣ್ಣೂ ತಗೊಂಡ. ಆದ್ರ ವಾಯರಿಗೆ ನಾ ಕೈ ಹಚ್ಚಿಲ್ರಿ. ಸಾಹೇಬ್ರು ಬಂದು, 'ಬ್ರೇಕ್ ನೆಟ್ಟಗಾದ್ರ ಈಕಿ ಧಾರವಾಡ ತನಾ ಹೊಡಕೊಂಡ ಹೋಗ್ತಾಳ, ನೀ ಸಿಗೂದಿಲ್ಲ ಅಂತ ಹೇಳು' ಅಂದ್ರು. ಗಂಡಾ ಹೆಂಡ್ತಿ ನಡುವ ಮಿಸ್ತ್ರಿ ಯಾಕ ಬರಬೇಕು ಅಂತ ಹೂಂ ಅಂದೆ."

"ನಡುವ ಬರಬಾರದು ಅಂತ ಸುಳ್ಳಿನ ಕಡೆ ಹೋಗಿ ನಿಂತ್ರಿ ಹೌದಿಲ್ಲೋ ಮಾಮಾ?" ಎಂದು ಸೊಸೆ ಕೇಳಿದಳು. "ಇನ್ನೊಂದ್ ಕಣ್ಣಿನ ಆಪರೇಷನ್ನಿಗೆ ನಿಮ್ಮ ಸಾಹೇಬ್ರನ್ನ ಕರಕೊಂಡ ಹೋಗ್ರಿ. ನಾ ಬರೂದಿಲ್ಲ."

ಹೀಗಿದೆ ಸಮಾಚಾರ. ನಿಮ್ಮನ್ನು ನಾನು ಅರ್ಥ ಮಾಡಿಕೊಂಡಿದ್ದೇನೆ ಎಂಬುದನ್ನೂ ತಿಳಿಸಬೇಕು. ಹೆಂಡತಿಗೆ ಕೆಲಸ ಬೇಡ ಅನ್ನುವ ಗಂಡ ಅನ್ನಿಸಿಕೊಳ್ಳಲು ನಿಮಗೆ ನಾಚಿಕೆ. ಆಫೀಸಿನ ಮಹಿಳಾ ದಿನದ ಭಾಷಣದಲ್ಲಿ, ನನ್ನ ಹೆಂಡತಿ ಸ್ಕೂಟರಿನ ಮೇಲೆ ಕಿತ್ತೂರಿಗೆ ಹೋಗಿ ಪಾಠ ಮಾಡುತ್ತಾಳೆ ಎಂದು ಚಪ್ಪಾಳೆ ಹೊಡೆಸಿಕೊಂಡವರು ನೀವು. ಚಪ್ಪಾಳೆಯೂ ಬೇಕು, ಹೆಂಡತಿ ಮನೆಯಲ್ಲೂ ಇರಬೇಕು. ಹೀಗಾಗಿ ಬೇಡ ಅನ್ನುವ ಕೆಲಸವನ್ನು ಒಂದು ನಟ್ಟಿಗೆ ಒಪ್ಪಿಸಿದಿರಿ. ನಾನು ಬೀಳಲಿ ಎಂದು ನೀವು ಬಯಸಿರಲಿಕ್ಕಿಲ್ಲ. ಹೆದರಲಿ, ಹೆದರಿ ತಾನಾಗಿಯೇ ಬಿಡಲಿ ಎಂದು ಲೆಕ್ಕ ಹಾಕಿದಿರಿ. ಲೆಕ್ಕದಲ್ಲಿ ಕಬ್ಬಿನ ಟ್ರ್ಯಾಕ್ಟರ್ ಇರಲಿಲ್ಲ.

ಕೆಲಸ ಹೋದದ್ದಕ್ಕೆ ನಾನು ಅಷ್ಟು ಅಳಲಿಲ್ಲ ರಾಯರೇ. ಮಣಿಕಟ್ಟಿಗೂ ಅಲ್ಲ. ದಿನಾ ಬೆಳಿಗ್ಗೆ ನೀವು ಗಾಲಿಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತಿರುತ್ತಿದ್ದಿರಲ್ಲ, ನಾನು ಅಡುಗೆಮನೆಯ ಕಿಟಕಿಯಿಂದ ನಿಮ್ಮ ಬಗ್ಗಿದ ಬೆನ್ನು ನೋಡುತ್ತಿದ್ದೆ. ಪ್ರೀತಿ ಅಂದರೆ ಏನೆಂದು ಯಾರಾದರೂ ಕೇಳಿದ್ದರೆ ಆ ಬೆನ್ನು ತೋರಿಸುತ್ತಿದ್ದೆ. ನಮ್ಮ ಸಂಸಾರದಲ್ಲಿ ಕೆಟ್ಟ ದಿನಗಳು ಬಂದಾಗ ನಾನು ಹಿಡಿದುಕೊಂಡದ್ದು ಆ ಒಂದು ಚಿತ್ರವನ್ನು. ನೀವು ಬೈದಿದ್ದರೆ, ಬಾಗಿಲಿಗೆ ಅಡ್ಡ ನಿಂತಿದ್ದರೆ, ಇಂಥದ್ದೊಂದು ಸುಳ್ಳು ಚಿತ್ರವನ್ನು ನಾನು ಗೋಡೆಗೆ ಹಾಕಿಕೊಂಡಿರುತ್ತಿರಲಿಲ್ಲ.

ಇರಲಿ. ಶುಕ್ರವಾರ ಬೆಳಿಗ್ಗೆ ನಾನು ಸ್ಕೂಟರ್ ಹೊರತೆಗೆದೆ. ಹಿಂದೆ ಫಿರದೋಸ್ ಕೂತಳು. ಬಜಾರ ದಾಟುವವರೆಗೆ ನಾನು ಎರಡನೆಯ ಗೇರು ಬಿಡಲಿಲ್ಲ, ಅವಳ ಬಾಯಿ ಮಾತ್ರ ಟಾಪ್ ಗೇರಿನಲ್ಲಿತ್ತು. "ಅಕ್ಕೋರ, ಸೈಕಲ್ಲಿನವರು ನಮ್ಮನ್ನ ದಾಟಿ ಹೊಂಟ್ರಿ. ಈಗ ಒಂದ್ ಆಡೂ ದಾಟಿತು." ಆಮೇಲೆ ಕಿತ್ತೂರಿನ ಆ ಇಳಿಜಾರು ಬಂತು. ಕಡಿ ಕಲ್ಲು ಇವತ್ತಿಗೂ ಹಾಗೇ ಬಿದ್ದಿವೆ. ನಡು ಇಳಿಜಾರಿನಲ್ಲಿ, ಮುಂದೆ ಏನೂ ಇಲ್ಲದಾಗ, ನಾನು ಬೇಕಂತಲೇ ಪೆಡಲ್ ಒತ್ತಿದೆ.

ನಿಂತಿತು.

ಅಲ್ಲೇ ಗಾಡಿ ಬದಿಗೆ ಹಚ್ಚಿ ಸ್ವಲ್ಪ ಹೊತ್ತು ಕೂತೆ. ಫಿರದೋಸ್ ನನ್ನ ಬೆನ್ನ ಮೇಲೆ ಕೈ ಇಟ್ಟುಕೊಂಡಿದ್ದಳು. ಆಮೇಲೆ ಇಬ್ಬರೂ ಶಾಲೆಗೆ ಹೋದೆವು. ಸೋಮವಾರ ಬರುತ್ತೇನೆ ಎಂದು ಹೆಡ್‌ಮಿಸ್‌ಗೆ ಹೇಳಿ, ಅವರು ಕೊಟ್ಟ ಚಹಾ ಕುಡಿದು ಬಂದೆವು.

ಇವತ್ತು ಮಧ್ಯಾಹ್ನ ನಿಮ್ಮ ಕೊಲ್ಹಾಪುರದ ಸಾಹೇಬರೂ ಬಂದಿದ್ದರು. ಪೆಡಲ್ ಒತ್ತಿ, "ಬಾಯೀ, ಬ್ರೇಕ್ ಏಕದಮ್ ಝಕಾಸ್!" ಎಂದು ಹಿಗ್ಗಿದರು. ಅದಕ್ಕೇ ಕೊಡುವುದಿಲ್ಲ ಎಂದೆ. ಅತ್ತೆಯವರು ಅವರಿಗೆ ಅವಲಕ್ಕಿ ಕೊಟ್ಟು, "ನಮ್ಮ ಮನೆಯವರನ್ನ ನಾವು ಮಾರೂದಿಲ್ರಿ" ಎಂದು ಬೀಳ್ಕೊಟ್ಟರು.

ಹೀಗಾಗಿ ನಿಮ್ಮ ಅಪ್ಪಣೆಗೆ ನನ್ನ ಉತ್ತರ ಇದು: ನಾನು ರಾಮದುರ್ಗಕ್ಕೆ ಬರುವುದಿಲ್ಲ. ನಾಳೆ ಕಿತ್ತೂರಿಗೆ ಹೋಗುತ್ತೇನೆ. ಟ್ರಂಕಿನ ಸೀರೆಗಳು ಕಪಾಟಿಗೆ ಮರಳಿವೆ.

ಆದರೆ ಬಾಗಿಲು ಪೂರ್ತಿ ಹಾಕಿಲ್ಲ. ಒಂದು ವಿಷಯ ಮಾತ್ರ ನನಗೆ ಬಗೆಹರಿದಿಲ್ಲ. ನಾನು ಬಿದ್ದ ಮರುದಿನ ಓಣಿಯವರೆಲ್ಲ ಒತ್ತಿದಾಗ ಬ್ರೇಕ್ ಬಿಗಿಯಾಗಿತ್ತಲ್ಲ, ಅದು ಹೇಗೆ? ಬೆಳಿಗ್ಗೆ ಸಡಿಲಿದ್ದದ್ದು ತಾನಾಗಿ ಬಿಗಿಯಾಗುವುದಿಲ್ಲ. ಟೆಂಪೋದಲ್ಲಿ ಏರಿಸುವಾಗ ವಾಯರ್ ಎಲ್ಲೋ ಸಿಕ್ಕಿ ಜಗ್ಗಿರಬೇಕು ಎಂದು ನಾನೇ ನಿಮ್ಮ ಪರವಾಗಿ ವಾದ ಹುಡುಕಿಕೊಂಡಿದ್ದೇನೆ. ವಿಜ್ಞಾನದ ಪ್ರಕಾರ ಅಷ್ಟು ಗಟ್ಟಿ ವಾದವಲ್ಲ, ಸಂಸಾರದ ಪ್ರಕಾರ ನಡೆಯುತ್ತದೆ. ಬರುವ ರವಿವಾರ ಬಂದು ನೀವೇ ಹೇಳಿ. ಹಾಗೇ ಆಗಿರಬೇಕು ಎಂದು ನೀವು ಅಂದರೆ ನಂಬುತ್ತೇನೆ. ನಂಬುವುದು ನನಗೆ ರೂಢಿಯಿದೆ. ಉಳಿದದ್ದನ್ನು ಜಗಳವಾಡಿ, ಅತ್ತು, ಹೇಗೋ ದಾಟೋಣ. ಶಂಕರಪೋಳಿ ಮಾಡಿಟ್ಟಿರುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣಿರಿ. ಅಲ್ಲಿಯ ಮಂಜಿನಲ್ಲಿ ಕಿವಿಗೆ ಮಫ್ಲರ್ ಸುತ್ತಿಕೊಳ್ಳಿ.

ಇತಿ,
ನಿಮ್ಮ ರಾಜೇಶ್ವರಿ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮೊದಲು ಪತ್ರವನ್ನು ಅತ್ತೆಯವರಿಗೆ ಓದಿ ಹೇಳಿದೆ. ಟೆಂಪೋದ ಮಾತು ಬಂದಾಗ ನಿಲ್ಲಿಸು ಎಂದು ಕೈ ಮಾಡಿದರು. ಬತ್ತಿಯ ಬುಟ್ಟಿ ಪಕ್ಕಕ್ಕೆ ಸರಿಸಿ ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ: "ಪಾಂಡೂ, ಆವತ್ತು ಸುದ್ದಿ ತಿಳದು ನೀ ಮೊದಲ ಮನೀಗೇ ಬಂದಿ. ದವಾಖಾನಿಗೆ ಹೋಗೋ ಅಂದ್ರ, ಒಂದ್ ನಿಮಿಷ ಅಂತ ಹೇಳಿ ಗಾಡೀ ಹಿಂದ ಹೋಗಿ ಪಾನಾ ಹಿಡದು ಕೂತಿ. ಕೈಗೆ ಹತ್ತಿದ ಕರೀ ಹೋಗವಲ್ದು ಅಂದಿ. ಕೈ ತೊಳಕೊಳ್ಳಲಿಕ್ಕೆ ಸಬಕಾರ ನಾನೇ ಕೊಟ್ಟೆ."

ರವಿವಾರ ಬರುವ ತೊಂದರೆ ತೆಗೆದುಕೊಳ್ಳಬೇಡಿ. ಮೇಲಿನ ಸಹಿಯಲ್ಲಿ "ನಿಮ್ಮ" ಎಂಬುದನ್ನು ಬಿಟ್ಟು ಓದಿಕೊಳ್ಳಿ.